ಬ್ಯಾಟ್‌ಮನ್ ‘ಹಾಗಲ್ಲ’ ಎಂದು ಸಾಧಿಸಹೊರಟವರಿಗೆ

ಬ್ಯಾಟ್‌ಮನ್ ಗೇ ಅಲ್ಲ ಎಂದು ಸಾಧಿಸುವುದು ಕಾಮಿಕ್ಸ್ ಕುರಿತ ಬರವಣಿಗೆಯಲ್ಲಿ ಒಂದು ಹಳೆಯ ಕಸುಬು. ಅಭಿಮಾನಿಗಳು ಅದನ್ನು ಮಾಡಿದ್ದಾರೆ, ಚರಿತ್ರೆ ಬರೆಯುವವರು ಮಾಡಿದ್ದಾರೆ, ಪ್ರಕಾಶಕರು ವಕೀಲರನ್ನಿಟ್ಟು ಮಾಡಿಸಿದ್ದಾರೆ. ವಾದದ ಸರಣಿ ಹೆಚ್ಚುಕಡಿಮೆ ಒಂದೇ. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ ಬರೆದರು. ಬ್ಯಾಟ್‌ಮನ್ ಮತ್ತು ರಾಬಿನ್ ಒಂದೇ ಮನೆಯಲ್ಲಿ ಬದುಕುವ ರೀತಿ ಸಲಿಂಗಿಗಳ ಹಗಲುಗನಸಿನ ಹಾಗಿದೆ ಎಂದು ಅದರಲ್ಲಿ ಆಪಾದಿಸಿದರು. ಕೊಳಕು ಇದ್ದದ್ದು ಆ ವೈದ್ಯರ ತಲೆಯಲ್ಲೇ ಹೊರತು ಕಾಮಿಕ್ಸಿನಲ್ಲಲ್ಲ. ಅವರಿಬ್ಬರದು ತಂದೆ-ಮಗನ ಬಂಧ, ಗುರು-ಶಿಷ್ಯರ ಬಂಧ, ಅಷ್ಟೇ. ಇಷ್ಟು ಹೇಳಿ ಮುಗಿಸಿದರೆ ಕಾಮಿಕ್ಸಿನ ಮಾನ ಉಳಿಯಿತು ಎಂಬುದು ಇವರ ಲೆಕ್ಕ.

ನನ್ನ ತಕರಾರು ಇರುವುದು ಆ ‘ಕೊಳಕು’ ಎಂಬ ಪದದ ಮೇಲೆ. ವರ್ಥಮ್ ಕಾಮಿಕ್ಸಿನ ಶತ್ರು, ಒಪ್ಪೋಣ. ಆದರೆ ಅವರಿಂದ ಕಾಮಿಕ್ಸನ್ನು ಕಾಪಾಡಲು ಹೊರಟ ಬಹುಪಾಲು ಜನ ಅವರ ಮೊದಲ ಮಾತನ್ನು ಪ್ರಶ್ನಿಸದೆ ಒಪ್ಪಿಕೊಂಡೇ ವಾದಕ್ಕಿಳಿದಿದ್ದಾರೆ. ಸಲಿಂಗ ಪ್ರೀತಿ ಒಂದು ಕಳಂಕ, ಅದು ಅಂಟಿದರೆ ಪುಸ್ತಕ ಕೆಡುತ್ತದೆ ಎಂಬುದೇ ಆ ಮಾತು. ಅಪರಾಧ ಅಪರಾಧವೇ ಎಂದು ಒಪ್ಪಿ, ನಮ್ಮ ಕಕ್ಷಿದಾರ ಅದನ್ನು ಮಾಡಿಲ್ಲ ಎನ್ನುವ ವಕೀಲಿಕೆ ಇದು. ಬ್ರಿಟನ್ನಿನ ಆಂಡಿ ಮೆಡ್‌ಹರ್ಸ್ಟ್ ಎಂಬ ವಿಮರ್ಶಕರು, ತಾನು ಗೇ ಎಂದು ಹೇಳಿಕೊಂಡೇ ಬರೆಯುತ್ತ, 1991ರಲ್ಲೇ ಈ ಹುಳುಕನ್ನು ಎತ್ತಿ ತೋರಿಸಿದ್ದರು. ಮೂವತ್ತು ವರ್ಷ ಕಳೆದರೂ ಚಟ ಬಿಟ್ಟಿಲ್ಲ.

ಈ ಜಗಳದಲ್ಲಿ ಎರಡೂ ಕಡೆಯವರು ಮರೆತದ್ದು ಒಂದೇ. ವರ್ಥಮ್‌ಗೆ ಆ ಮಾತು ಸುಮ್ಮನೆ ಹೊಳೆದದ್ದಲ್ಲ. ಅದನ್ನು ಅವರಿಗೆ ಹೇಳಿದವರು ಹುಡುಗರು. ಬ್ಯಾಟ್‌ಮನ್ ಓದುತ್ತಿದ್ದ, ಗಂಡಸರನ್ನು ಇಷ್ಟಪಡುತ್ತಿದ್ದ, ನಿಜವಾಗಿ ಬದುಕಿದ್ದ ಹುಡುಗರು.

ವರ್ಥಮ್‌ರನ್ನು ಬರೀ ಖಳನಾಯಕನನ್ನಾಗಿ ಮಾಡುವುದು ಸುಲಭ. ಆದರೆ ಅದು ನಿಜವಲ್ಲ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈ ವೈದ್ಯರು 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಚರ್ಚೊಂದರ ನೆಲಮಾಳಿಗೆಯಲ್ಲಿ, ಕರಿಯ ಜನರಿಗಾಗಿ ಲಫಾರ್ಗ್ ಕ್ಲಿನಿಕ್ ತೆರೆದರು. ಕಾದಂಬರಿಕಾರ ರಿಚರ್ಡ್ ರೈಟ್ ಅದಕ್ಕೆ ಬೆನ್ನೆಲುಬಾಗಿದ್ದವರಲ್ಲಿ ಒಬ್ಬರು. ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆ ಕೂರಿಸುವುದು ಅವರ ಮನಸ್ಸಿಗೆ ಮಾಡುವ ಗಾಯದ ಬಗ್ಗೆ ವರ್ಥಮ್ ಕೊಟ್ಟ ಸಾಕ್ಷ್ಯ ಡೆಲವೇರ್‌ನ ಮೊಕದ್ದಮೆಯೊಂದರಲ್ಲಿ ಬಳಕೆಯಾಯಿತು. ಆ ಮೊಕದ್ದಮೆ ಮುಂದೆ 1954ರ ಪ್ರಸಿದ್ಧ ಬ್ರೌನ್ ತೀರ್ಪಿನೊಳಗೆ ಸೇರಿಕೊಂಡಿತು. ಒಂದು ಬಗೆಯ ನೋವನ್ನು ಅಷ್ಟು ಚೆನ್ನಾಗಿ ಕೇಳಿಸಿಕೊಂಡ ಕಿವಿಗೆ ಇನ್ನೊಂದು ಬಗೆಯದು ರೋಗವಾಗಿಯಷ್ಟೇ ಕೇಳಿಸಿತು. ಕಾಲವೂ ಹಾಗೇ ಇತ್ತು. 1952ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಗಳ ಪಟ್ಟಿಯಲ್ಲಿ ಸಲಿಂಗಕಾಮವನ್ನು ಸೇರಿಸಿತ್ತು (ತೆಗೆದುಹಾಕಿದ್ದು 1973ರಲ್ಲಿ). 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ ಆದೇಶದಿಂದ ಸಲಿಂಗಿಗಳು ಕೇಂದ್ರ ಸರ್ಕಾರದ ನೌಕರಿಗೆ ಅನರ್ಹರಾದರು. ಅದರ ಮರುವರ್ಷವೇ ವರ್ಥಮ್ ಪುಸ್ತಕ ಬಂದದ್ದು.

ಈಗ ಆ ಹುಡುಗರ ವಿಚಾರ. ವರ್ಥಮ್‌ರ ಖಾಸಗಿ ಕಾಗದಪತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. 2010ರಲ್ಲಿ ಅವು ಸಂಶೋಧಕರಿಗೆ ತೆರೆದವು. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲಿ ಅವುಗಳೊಳಗೆ ಕೂತು, ಪುಸ್ತಕದಲ್ಲಿ ಅಚ್ಚಾದ ಪ್ರಕರಣಗಳನ್ನೂ ಕ್ಲಿನಿಕ್ಕಿನ ಮೂಲ ಟಿಪ್ಪಣಿಗಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ, 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ವರ್ಥಮ್ ಸಾಕ್ಷ್ಯಗಳನ್ನು ತಿರುಚಿದ್ದರು, ಬೆಸೆದಿದ್ದರು, ಬೇಡದ್ದನ್ನು ಬಿಟ್ಟಿದ್ದರು ಎಂಬುದು ಅದರಿಂದ ಬಯಲಾಯಿತು. ಬ್ಯಾಟ್‌ಮನ್ ಬಗ್ಗೆ ಮಾತಾಡಿದ ಒಬ್ಬ ಯುವಕನೆಂದು ಪುಸ್ತಕದಲ್ಲಿ ಬರುವ ವ್ಯಕ್ತಿ ಮೂಲದಲ್ಲಿ ಇಬ್ಬರು. ಒಬ್ಬನಿಗೆ ಹದಿನಾರು, ಇನ್ನೊಬ್ಬನಿಗೆ ಹದಿನೇಳು. ಇಬ್ಬರೂ ಪರಸ್ಪರ ಪ್ರೀತಿಸುತ್ತಿದ್ದವರು. ಮತ್ತು ಅವರಿಗೆ ಬ್ಯಾಟ್‌ಮನ್‌ಗಿಂತ ಹೆಚ್ಚು ಹಿಡಿಸಿದ್ದವರು ಟಾರ್ಜನ್ ಮತ್ತು ಸಬ್-ಮರೀನರ್. ಅದು ವಾದಕ್ಕೆ ಒದಗಿಬರಲಿಲ್ಲವಾದ್ದರಿಂದ ವರ್ಥಮ್ ಆ ಸಾಲನ್ನೇ ಬಿಟ್ಟರು.

ಈ ಸಂಶೋಧನೆ ಹೊರಬಂದಾಗ ಕಾಮಿಕ್ಸ್ ಲೋಕ ಸಂಭ್ರಮಿಸಿತು. ನೋಡಿ, ಸುಳ್ಳುಗಾರ ಸಿಕ್ಕಿಬಿದ್ದ! ಬ್ಯಾಟ್‌ಮನ್ ನಿರ್ದೋಷಿ! ನನಗೆ ಆಶ್ಚರ್ಯವೆನಿಸುವುದು ಇದೇ. ಟಿಲಿಯವರ ಲೇಖನದಲ್ಲಿ ನಿಜವಾಗಿ ಪತ್ತೆಯಾದದ್ದು ಬ್ಯಾಟ್‌ಮನ್ನಿನ ನಿರ್ದೋಷಿತ್ವವಲ್ಲ. ಒಬ್ಬನನ್ನಾಗಿ ಅರೆದು ಬೆರೆಸಲಾಗಿದ್ದ ಇಬ್ಬರು ಓದುಗರು ಬೇರೆಬೇರೆಯಾಗಿ ಮತ್ತೆ ಸಿಕ್ಕಿದ್ದು. ಅವರಿಗೆ ತಮ್ಮದೇ ಅಭಿರುಚಿಯಿತ್ತು. ಒಂದು ನಾಯಕನನ್ನು ಇನ್ನೊಬ್ಬನ ಜೊತೆ ತೂಗಿ ನೋಡಿ, ಇವನಿಗಿಂತ ಅವನು ಮೇಲು ಎಂದು ಹೇಳಬಲ್ಲವರಾಗಿದ್ದರು. ಟಾರ್ಜನ್ ಮತ್ತು ಸಬ್-ಮರೀನರ್ ಇಬ್ಬರೂ ಬಟ್ಟೆಯ ವಿಷಯದಲ್ಲಿ ಬಹಳ ಮಿತವ್ಯಯಿಗಳು ಎಂಬುದನ್ನು ಗಮನಿಸಿದರೆ ಆ ಆಯ್ಕೆಗೆ ಕಾರಣ ಹುಡುಕಲು ಮನೋವೈದ್ಯರು ಬೇಕಿಲ್ಲ. ಆದರೆ ಇದು ನಗೆಯಾಡಿ ಬಿಡುವ ಸಂಗತಿಯೂ ಅಲ್ಲ. ಸಲಿಂಗಿ ಓದುಗರ ಕುರಿತು ವರ್ಥಮ್ ಬಿಟ್ಟುಹೋದ ಚಿತ್ರದಲ್ಲಿ ಅವರು ಕಾಮಿಕ್ಸಿನಿಂದ ಕೆಟ್ಟವರು. ಮೂಲ ಟಿಪ್ಪಣಿಯಲ್ಲಿ ಅವರು ಕಾಮಿಕ್ಸನ್ನು ಆರಿಸಿಕೊಂಡವರು. ಈ ವ್ಯತ್ಯಾಸದ ಮೇಲೆ ಇಡೀ ಚರ್ಚೆ ತಿರುಗಬೇಕಿತ್ತು, ತಿರುಗಲಿಲ್ಲ.

ಬ್ಯಾಟ್‌ಮನ್ ಕಥೆಯಲ್ಲಿ ಅಂಥ ಹುಡುಗನಿಗೆ ಏನು ಸಿಕ್ಕಿರಬಹುದು ಎಂಬುದನ್ನೂ ವರ್ಥಮ್‌ರೇ ತಿಳಿಯದೆ ಪಟ್ಟಿ ಮಾಡಿಟ್ಟಿದ್ದಾರೆ. ದೊಡ್ಡ ಮನೆ, ಹೂದಾನಿಗಳಲ್ಲಿ ಹೂವು, ಡ್ರೆಸಿಂಗ್ ಗೌನ್ ತೊಟ್ಟ ಬ್ರೂಸ್ ವೇಯ್ನ್, ಎಲ್ಲಕ್ಕೂ ಒಬ್ಬ ಆಲ್ಫ್ರೆಡ್. ಇದರಲ್ಲಿ ಮೈಗಿಂತ ಹೆಚ್ಚಾಗಿ ಇರುವುದು ಮನೆ. ಇಬ್ಬರು ಗಂಡಸರು ಒಂದೇ ಸೂರಿನಡಿ ಇದ್ದಾರೆ, ಅವರಿಗೊಂದು ಗುಟ್ಟಿದೆ, ಆ ಗುಟ್ಟು ತಿಳಿದ ಮೂರನೆಯವನು ಬೈಯುವುದಿಲ್ಲ, ಕಾಫಿ ತಂದುಕೊಡುತ್ತಾನೆ. ತನ್ನಂಥವರಿಗೆ ಸಾರ್ವಜನಿಕ ಶೌಚಾಲಯ, ಪೊಲೀಸ್ ಠಾಣೆ, ಕ್ಲಿನಿಕ್ಕಿನ ಕುರ್ಚಿ ಬಿಟ್ಟು ಬೇರೆ ಜಾಗವಿದೆ ಎಂದು ಯಾರೂ ಹೇಳಿರದ ಹುಡುಗನಿಗೆ ಹತ್ತು ಸೆಂಟಿನಲ್ಲಿ ಸಿಗುತ್ತಿದ್ದ ಮನೆ ಅದು. ಅದನ್ನು ‘ತಪ್ಪು ಓದು’ ಎನ್ನುವವರು ಆ ಹುಡುಗನಿಗೆ ಆಗ ಸಿಗುತ್ತಿದ್ದ ‘ಸರಿ ಓದು’ ಯಾವುದು ಎಂದು ಹೇಳಲಿ.

ಪುಸ್ತಕ ಬಂದ ವರ್ಷವೇ ಸೆನೆಟ್ಟಿನ ಉಪಸಮಿತಿ ಕಾಮಿಕ್ಸ್ ಬಗ್ಗೆ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಾವೇ ಸೇರಿ ‘ಕಾಮಿಕ್ಸ್ ಕೋಡ್’ ಮಾಡಿಕೊಂಡರು. ಅದರ ಮೊಹರು ಮುಖಪುಟದ ಮೇಲಿಲ್ಲದ ಪುಸ್ತಕವನ್ನು ಅಂಗಡಿಗೆ ತಲುಪಿಸಲು ವಿತರಕರು ಹಿಂದೆಗೆಯುತ್ತಿದ್ದರು. ಆ ಕೋಡ್‌ನಲ್ಲಿ ‘ಲೈಂಗಿಕ ವಿಕೃತಿ’ಗೆ ಮಾತ್ರವಲ್ಲ, ಅದರ ಸೂಚನೆಗೂ ನಿಷೇಧವಿತ್ತು. ಈ ಎರಡನೆಯ ಭಾಗವನ್ನು ನಿಧಾನವಾಗಿ ಓದಬೇಕು. ಕನ್ನಡ ಎಂ.ಎ. ತರಗತಿಯಲ್ಲಿ ಆನಂದವರ್ಧನನನ್ನು ಕಂಠಪಾಠ ಮಾಡಿದವರಿಗೆ ಇದರ ಸ್ವಾರಸ್ಯ ಬೇಗ ತಿಳಿದೀತು. ವಾಚ್ಯವನ್ನು ನಿಷೇಧಿಸಿದ ಕಾನೂನುಗಳು ಎಷ್ಟೋ ಇವೆ. ಧ್ವನಿಯನ್ನೇ ನಿಷೇಧಿಸಹೊರಟ ಕಾನೂನು ಇದು. ಧ್ವನಿ ಇರುವುದು ಸಹೃದಯನ ಗ್ರಹಿಕೆಯಲ್ಲಿ. ಹಾಗಾಗಿ ಅದನ್ನು ತಡೆಯಬೇಕಾದರೆ ಸಹೃದಯನನ್ನೇ ತಡೆಯಬೇಕು. ಆಗದ ಕೆಲಸ.

ಮಾಡಿ ನೋಡಿದರು ಮಾತ್ರ. 1956ರಲ್ಲಿ ಕ್ಯಾಥಿ ಕೇನ್ ಎಂಬ ಬ್ಯಾಟ್‌ವುಮನ್ ಬಂದಳು, ಬ್ಯಾಟ್‌ಮನ್ನನ್ನು ಪ್ರೀತಿಸುವುದೇ ಅವಳ ಉದ್ಯೋಗ. 1961ರಲ್ಲಿ ರಾಬಿನ್‌ಗೂ ಒಬ್ಬಳನ್ನು ಗೊತ್ತುಮಾಡಲಾಯಿತು. 1964ರಲ್ಲಿ ಪಾಪ ಆಲ್ಫ್ರೆಡ್‌ನನ್ನು ಸಾಯಿಸಿ (ಕೆಲವು ವರ್ಷಗಳ ಮಟ್ಟಿಗೆ, ಕಾಮಿಕ್ಸಿನಲ್ಲಿ ಸಾವು ಲಾಂಗ್ ಲೀವ್ ಇದ್ದಹಾಗೆ) ಹ್ಯಾರಿಯೆಟ್ ಆಂಟಿಯನ್ನು ಮನೆಗೆ ಕರೆತಂದರು. ಇದೆಲ್ಲ ಕಾಕತಾಳೀಯ ಎಂದು ನಂಬುವವರು ನಂಬಲಿ. ನಮ್ಮಲ್ಲಿ ಮೂವತ್ತು ದಾಟಿದ ಮಗನಿಗೆ ಜಾತಕ ತರಿಸಲು ಶುರುಮಾಡುವ ಮನೆಯವರ ಗಡಿಬಿಡಿಗೂ ಡಿಸಿ ಕಂಪನಿಯ ಈ ಗಡಿಬಿಡಿಗೂ ನನಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಈವ್ ಸೆಜ್‌ವಿಕ್ ಒಂದು ಪ್ರಬಂಧದಲ್ಲಿ ಸಲಿಂಗಿಗಳಾಗಿ ಬೆಳೆದ ಮಕ್ಕಳ ಓದಿನ ಬಗ್ಗೆ ಬರೆದಿದ್ದಾರೆ. ಯಾಕೆ ಇಷ್ಟು ಹಿಡಿಸುತ್ತದೆ ಎಂದು ತಮಗೇ ತಿಳಿಯದ ಕೆಲವು ವಸ್ತುಗಳಿಗೆ ಅವರು ತೀವ್ರವಾಗಿ ಅಂಟಿಕೊಳ್ಳುತ್ತಾರೆ, ಬದುಕಿ ಉಳಿಯಲು ಬೇಕಾದ್ದನ್ನು ಅಲ್ಲಿಂದ ಹೀರಿಕೊಳ್ಳುತ್ತಾರೆ ಎಂಬುದು ಅವರ ಮಾತಿನ ತಿರುಳು. ಸೂಪರ್‌ಹೀರೋ ಕಾಮಿಕ್ಸ್ ಅಂಥ ವಸ್ತುವಾಗಲು ಹೇಳಿಮಾಡಿಸಿದಂತಿತ್ತು. ಎರಡು ಹೆಸರು, ಎರಡು ಬಟ್ಟೆ, ಮನೆಯವರಿಗೆ ಹೇಳಲಾಗದ ರಾತ್ರಿಗಳು, ಹತ್ತಿರದವರಿಗೆ ಹೇಳಬೇಕೋ ಬೇಡವೋ ಎಂಬ ಎಂದೂ ಮುಗಿಯದ ಜಿಜ್ಞಾಸೆ. ಸೂಪರ್‌ಮನ್ ಕಥೆಯ ಅರ್ಧ ರೋಚಕತೆ ಗುಟ್ಟು ರಟ್ಟಾದೀತೆಂಬ ಭಯದ್ದು. ಇದನ್ನು ಆಟವೆಂದು ಓದುವ ಮಕ್ಕಳಿದ್ದರು, ದಿನಚರಿಯೆಂದು ಓದುವ ಮಕ್ಕಳೂ ಇದ್ದರು.

ಆದರೆ ಇಲ್ಲಿ ಮುಖ್ಯವಾದದ್ದು ‘ಎಕ್ಸ್-ಮೆನ್’. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1963ರಲ್ಲಿ ಶುರುಮಾಡಿದ ಈ ಸರಣಿ ನಿಜವಾಗಿ ಬೆಳೆದದ್ದು 1975ರಿಂದ 1991ರವರೆಗೆ ಅದನ್ನು ಬರೆದ ಕ್ರಿಸ್ ಕ್ಲೇರ್‌ಮಾಂಟ್‌ರ ಕೈಯಲ್ಲಿ. ಮ್ಯೂಟಂಟ್‌ಗಳಿಗೆ ಶಕ್ತಿ ಬರುವುದು ಹದಿಹರೆಯದಲ್ಲಿ. ಅಪ್ಪ ಅಮ್ಮ ಹಾಗಿರುವುದಿಲ್ಲ. ಜಾತಿ, ಧರ್ಮ, ಬಣ್ಣದ ಕಾರಣಕ್ಕೆ ಹೊಡೆತ ತಿಂದ ಮಗು ಮನೆಗೆ ಬಂದರೆ ಅಲ್ಲಿ ಅಂಥದೇ ಹೊಡೆತ ತಿಂದ ಅಪ್ಪ ಅಮ್ಮ ಇರುತ್ತಾರೆ. ಈ ಮಗುವಿಗೆ ಮನೆಯೇ ಮೊದಲ ಹೊರಗು. ಎಕ್ಸ್-ಮೆನ್‌ಗೂ ಉಳಿದ ಸೂಪರ್‌ಹೀರೋಗಳಿಗೂ ಇರುವ ದೊಡ್ಡ ಅಂತರ ಇದು. ಅಲ್ಲಿಂದ ಹೊರಬಿದ್ದವರಿಗೆ ಒಂದು ಶಾಲೆಯಿದೆ, ಶಾಲೆಯ ಹೆಸರಿನಲ್ಲಿ ಒಂದು ಕುಟುಂಬವಿದೆ. ಯಾರನ್ನೂ ಮುಟ್ಟಲಾಗದ ರೋಗ್ ಎಂಬ ಹುಡುಗಿ ಕೈಗವಸು ತೊಟ್ಟು ಓಡಾಡುತ್ತಾಳೆ. ಎಂಬತ್ತರ ದಶಕದ ನಡುವಿನಲ್ಲಿ, ಸ್ಪರ್ಶವೇ ಸಾವು ತಂದೀತೆಂದು ಪತ್ರಿಕೆಗಳು ಹೆದರಿಸುತ್ತಿದ್ದ ಕಾಲದಲ್ಲಿ, ಅವಳನ್ನು ಓದಿದ ಹದಿನಾರರ ಹುಡುಗನಿಗೆ ಯಾರೂ ಟಿಪ್ಪಣಿ ಬರೆದುಕೊಡಬೇಕಿರಲಿಲ್ಲ.

1983ರಲ್ಲಿ ಕ್ಲೇರ್‌ಮಾಂಟ್ ‘ಮೊರ್ಲಾಕ್’ಗಳನ್ನು ತಂದರು. ನ್ಯೂಯಾರ್ಕಿನ ಸುರಂಗಗಳಲ್ಲಿ ಬದುಕುವ, ಮನುಷ್ಯರ ನಡುವೆ ಮನುಷ್ಯರಂತೆ ನಟಿಸಲು ಮುಖಚಹರೆಯೇ ಬಿಡದ ಮ್ಯೂಟಂಟ್‌ಗಳು ಇವರು. ಸೂಟು ಹಾಕಿಕೊಂಡು ಆಫೀಸಿಗೆ ಹೋಗಬಲ್ಲ ಗೇ ಗಂಡಸಿಗೂ ಬೀದಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವವರಿಗೂ ನಡುವಿನ ಅಂತರ ಸಮುದಾಯದೊಳಗೇ ಸರಿಯಾಗಿ ಚರ್ಚೆಯಾಗದ ದಿನಗಳವು. 1986ರಲ್ಲಿ ಇದೇ ಮೊರ್ಲಾಕ್‌ಗಳನ್ನು ಸುರಂಗಗಳಲ್ಲೇ ಸಾಮೂಹಿಕವಾಗಿ ಕೊಲ್ಲಲಾಗುತ್ತದೆ. ಮೇಲಿನ ನಗರಕ್ಕೆ ಅದು ಸುದ್ದಿಯೂ ಅಲ್ಲ. ಅದೇ ಹೊತ್ತಿಗೆ ನಿಜವಾದ ನ್ಯೂಯಾರ್ಕಿನಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದವರೂ ಮೇಲಿನವರಿಗೆ ಹೆಚ್ಚು ಸುದ್ದಿಯಾಗಿರಲಿಲ್ಲ. ಲೇಖಕರ ಮನಸ್ಸಿನಲ್ಲಿ ಈ ಹೋಲಿಕೆ ಇತ್ತೋ ಇಲ್ಲವೋ ಎಂಬ ಪ್ರಶ್ನೆ ನನಗೆ ಎರಡನೆಯದು. ನಾನು ಇವನ್ನೆಲ್ಲ ಓದಿದ್ದು ಮೂವತ್ತು ವರ್ಷ ತಡವಾಗಿ, ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದ ಹಾರ್ಡ್‌ಡಿಸ್ಕಿನ ಸ್ಕ್ಯಾನ್ ಪ್ರತಿಗಳಲ್ಲಿ, 377ನೇ ಕಲಂ ಇನ್ನೂ ಜೀವಂತವಿದ್ದಾಗ. ನನಗೂ ಯಾರೂ ಟಿಪ್ಪಣಿ ಬರೆದುಕೊಟ್ಟಿರಲಿಲ್ಲ.

ಈ ರೂಪಕದ ಮೇಲೆ ಒಂದು ಗಟ್ಟಿ ಆಕ್ಷೇಪಣೆಯಿದೆ. ಮ್ಯೂಟಂಟ್‌ಗಳು ನಿಜಕ್ಕೂ ಅಪಾಯಕಾರಿ. ಸೈಕ್ಲಾಪ್ಸ್ ಕನ್ನಡಕ ತೆಗೆದರೆ ಎದುರಿನ ಗೋಡೆ ಪುಡಿಯಾಗುತ್ತದೆ. ಅವರಿಗೆ ಜನ ಹೆದರುವುದರಲ್ಲಿ ಅರ್ಥವಿದೆ. ಸಲಿಂಗಿಗಳಿಂದ ಯಾರ ಗೋಡೆಯೂ ಬೀಳುವುದಿಲ್ಲ. ಹಾಗಾದರೆ ಈ ಹೋಲಿಕೆ ದ್ವೇಷ ಮಾಡುವವರ ವಾದವನ್ನೇ ಅರ್ಧ ಒಪ್ಪಿದಂತಾಗಲಿಲ್ಲವೇ? ತರ್ಕವಾಗಿ ಇದು ಸರಿ. ಆದರೆ ಶಾಲೆಯ ಶೌಚಾಲಯದಲ್ಲಿ ಮೂವರು ಸೇರಿ ಗೋಡೆಗೊತ್ತಿ ಹಿಡಿದಾಗ ಆ ಹುಡುಗ ತರ್ಕಶಾಸ್ತ್ರಿಯಾಗಿರುವುದಿಲ್ಲ. ತಾನು ನಿರುಪದ್ರವಿ ಎಂದು ಸಾಬೀತುಮಾಡುವುದು ಆ ಕ್ಷಣದಲ್ಲಿ ಅವನಿಗೆ ಬೇಕಾದ ಕೊನೆಯ ಸಂಗತಿ. ಅವನಿಗೆ ಬೇಕಾದ್ದು ಕನ್ನಡಕ ತೆಗೆಯುವ ಸ್ವಾತಂತ್ರ್ಯ. ‘ನಾವು ನಿಮ್ಮಂತೆಯೇ, ನಮ್ಮಿಂದ ತೊಂದರೆಯಿಲ್ಲ’ ಎಂದು ಕೈಮುಗಿದು ಕೇಳುವ ಬಗೆಯ ಹಕ್ಕಿನ ಮಾತು ಎಲ್ಲೆಡೆ ತುಂಬಿದ್ದಾಗ, ಸಿಟ್ಟಿಗೆ ಒಂದು ಜಾಗ ಕೊಟ್ಟದ್ದು ಈ ಅಗ್ಗದ ಕಾಗದದ ಪುಸ್ತಕಗಳು. ಮ್ಯಾಗ್ನೆಟೋನನ್ನು ಪ್ರೀತಿಸಿದ ಗೇ ಓದುಗರು ಯಾಕಷ್ಟು ಮಂದಿ ಎಂದು ಕೇಳುವವರು ಇದನ್ನು ಯೋಚಿಸಬೇಕು.

ರೂಪಕದ ನಿಜವಾದ ತೊಂದರೆ ಬೇರೆ ಕಡೆಯಿದೆ, ಅದು ದುಡ್ಡಿಗೆ ಸಂಬಂಧಿಸಿದ್ದು. ಮಾರ್ವೆಲ್ ಕಂಪನಿ ದಶಕಗಟ್ಟಲೆ ಸಲಿಂಗಿ ಓದುಗರಿಗೆ ಅವರದೇ ಬದುಕನ್ನು ರೂಪಕವಾಗಿ ಮಾರಿತು, ಒಬ್ಬ ಸಲಿಂಗಿಯನ್ನೂ ಹೆಸರಿಟ್ಟು ಕಥೆಯೊಳಗೆ ಬಿಟ್ಟುಕೊಳ್ಳದೆ. ನಾರ್ತ್‌ಸ್ಟಾರ್‌ನ ಕಥೆ ನೋಡಿ. ಕೆನಡಾದ ಕ್ವಿಬೆಕ್‌ನ ಸ್ಕೀಯಿಂಗ್ ಪಟು, ಮಿಂಚಿನ ವೇಗದವನು, ಜಂಬದ ಕೋಳಿ. 1979ರಲ್ಲಿ ಕಾಣಿಸಿಕೊಂಡ ಈತನನ್ನು ಗೇ ಎಂದೇ ಕಲ್ಪಿಸಿಕೊಂಡಿದ್ದೆ, ಆದರೆ ಅಂದಿನ ಮಾರ್ವೆಲ್‌ನಲ್ಲಿ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ ಎಂದು ಸೃಷ್ಟಿಕರ್ತ ಜಾನ್ ಬರ್ನ್ ಹೇಳಿಕೊಂಡಿದ್ದಾರೆ. ಹಾಗಾಗಿ ಅವನಿಗೆ ಹುಡುಗಿಯರಲ್ಲಿ ಆಸಕ್ತಿಯಿಲ್ಲ ಎಂದಷ್ಟೇ ಸೂಚಿಸುತ್ತ ಬಂದರು. ಎಂಬತ್ತರ ದಶಕದ ಕೊನೆಗೆ ಇನ್ನೊಬ್ಬ ಲೇಖಕ ಬಿಲ್ ಮ್ಯಾಂಟ್ಲೋ ಅವನಿಗೆ ಏಡ್ಸ್ ಬರುವ ಕಥೆ ಹೆಣೆಯತೊಡಗಿದರು. ಕೆಮ್ಮು, ಸೊರಗುವಿಕೆ ಎಲ್ಲ ಶುರುವಾಗಿತ್ತು. ಅದು ಮುಂದುವರಿಯಲಿಲ್ಲ. ಬದಲಿಗೆ, ಅವನು ಅರ್ಧ ಮನುಷ್ಯ, ಇನ್ನರ್ಧ ಬೇರೊಂದು ಮಾಯಾಲೋಕದ ಕಿನ್ನರ ಕುಲದವನು, ತನ್ನ ಲೋಕದಿಂದ ದೂರವಿರುವುದೇ ರೋಗಕ್ಕೆ ಕಾರಣ ಎಂದು ಕಥೆ ತಿರುಗಿತು. ಇಂಗ್ಲಿಷಿನಲ್ಲಿ ‘ಫೇರಿ’ ಎಂಬುದು ಗೇ ಗಂಡಸರನ್ನು ಹಂಗಿಸುವ ಹಳೆಯ ಬೈಗುಳ. ಏಡ್ಸ್ ಎಂದು ಬರೆಯಲು ಧೈರ್ಯವಿಲ್ಲದ ಕಂಪನಿ ಅವನನ್ನು ನಿಜವಾದ ಫೇರಿಯನ್ನಾಗಿ ಮಾಡಿ ಕೈತೊಳೆದುಕೊಂಡಿತು. ಆ ವರ್ಷಗಳಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಈ ಸಂಚಿಕೆ ಓದಿದವರಿದ್ದರೆ ಅವರಿಗೆ ಹೇಗನಿಸಿರಬಹುದು ಎಂದು ಯೋಚಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅದೇ ಕಾಲದ ಉಳಿದ ಉದಾಹರಣೆಗಳನ್ನು ಬೇಗ ದಾಟುತ್ತೇನೆ, ಅವು ಹೆಚ್ಚು ಹೊತ್ತು ನಿಲ್ಲಲು ಅರ್ಹವಲ್ಲ. 1980ರ ‘ಹಲ್ಕ್’ ಪತ್ರಿಕೆಯ ಒಂದು ಕಥೆಯಲ್ಲಿ ಇಬ್ಬರು ಗೇ ಗಂಡಸರು ಬ್ರೂಸ್ ಬ್ಯಾನರ್ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾರೆ. ಅಂದರೆ ಹೆಸರಿಟ್ಟು ತೋರಿಸಲು ಅನುಮತಿ ಇತ್ತು, ಖಳರಾಗಿದ್ದರೆ. 1988ರಲ್ಲಿ ಡಿಸಿ ತಂದ ಎಕ್ಸ್‌ಟ್ರಾನ್ಯೋ ಎಂಬ ಮಂತ್ರವಾದಿಯ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ‘ವಿಚಿತ್ರ’ ಎಂದೇ ಅರ್ಥ. ಏಡ್ಸ್ ಹರಡುವ ಒಬ್ಬ ರಕ್ತಪಿಶಾಚಿಯೂ ಆ ಸರಣಿಯಲ್ಲಿದ್ದ. ಇದಕ್ಕೆ ಹೋಲಿಸಿದರೆ 1982ರಲ್ಲಿ ಜೆ.ಎಂ. ಡಿಮ್ಯಾಟಿಸ್ ‘ಕ್ಯಾಪ್ಟನ್ ಅಮೆರಿಕ’ದಲ್ಲಿ ತಂದ ಆರ್ನಿ ರಾತ್ ಎಂಬ ಸಾಧಾರಣ ಮನುಷ್ಯ ಎಷ್ಟೋ ಮೇಲು. ಸ್ಟೀವ್ ರಾಜರ್ಸ್‌ನ ಬಾಲ್ಯದ ಗೆಳೆಯ, ವಯಸ್ಸಾಗಿದೆ, ಬೊಜ್ಜು ಬಂದಿದೆ, ಜೊತೆಗಿರುವ ಮೈಕೆಲ್‌ನನ್ನು ಬಿಡಿಸಿಕೊಡು ಎಂದು ಕ್ಯಾಪ್ಟನ್ನನ್ನು ಕೇಳಿಕೊಳ್ಳುತ್ತಾನೆ. ಪುಟದಲ್ಲೆಲ್ಲೂ ‘ಗೇ’ ಎಂಬ ಪದವಿಲ್ಲ. ಕ್ಯಾಪ್ಟನ್ ಪ್ರಶ್ನೆ ಕೇಳದೆ ಹೊರಡುತ್ತಾನೆ. ನಿಷೇಧದೊಳಗೇ ಕೆಲಸ ಮಾಡುತ್ತಿದ್ದ ಲೇಖಕನ ಸಭ್ಯತೆಗೂ ಕಂಪನಿಯ ಜಾಣ ಕುರುಡಿಗೂ ವ್ಯತ್ಯಾಸ ಹೀಗೆ ಗೊತ್ತಾಗುತ್ತದೆ.

ಕೋಡ್ 1989ರಲ್ಲಿ ಸಡಿಲವಾಯಿತು. 1992ರಲ್ಲಿ, ಸ್ಕಾಟ್ ಲಾಬ್‌ಡೆಲ್ ಬರೆದ ‘ಆಲ್ಫಾ ಫ್ಲೈಟ್’ನ 106ನೇ ಸಂಚಿಕೆಯಲ್ಲಿ ನಾರ್ತ್‌ಸ್ಟಾರ್ ಕಡೆಗೂ ಬಾಯಿಬಿಟ್ಟ. ಸಂಚಿಕೆ ಸಾಹಿತ್ಯವಾಗಿ ತೀರಾ ಸಾಧಾರಣ, ಹೊಡೆದಾಟದ ನಡುವೆ ಭಾಷಣ. ಆದರೆ ಅದರಲ್ಲಿ ಒಂದು ಸಂಗತಿಯಿದೆ. ನಾರ್ತ್‌ಸ್ಟಾರ್ ಏಡ್ಸ್ ಇರುವ ಒಂದು ಹಸುಗೂಸನ್ನು ಎತ್ತಿಕೊಂಡಿದ್ದಾನೆ, ಇಡೀ ದೇಶ ಆ ಕೂಸಿಗಾಗಿ ಮರುಗುತ್ತಿದೆ. ಅವನ ಮೇಲೆ ಬೀಳುವವನು ಎರಡನೇ ಮಹಾಯುದ್ಧ ಕಾಲದ ಒಬ್ಬ ಮುದಿ ಸೂಪರ್‌ಹೀರೋ. ಆತನ ಗೇ ಮಗನೂ ಏಡ್ಸ್‌ನಿಂದಲೇ ಸತ್ತವನು, ಅವನಿಗಾಗಿ ಯಾರೂ ಅತ್ತಿರಲಿಲ್ಲ. ಮುಗ್ಧ ರೋಗಿ, ತಪ್ಪಿತಸ್ಥ ರೋಗಿ ಎಂದು ಎರಡು ಸಾಲು ಮಾಡಿ ಕಣ್ಣೀರು ಹಂಚುವ ಸಮಾಜದ ಮೇಲೆ ಆ ಮುದುಕ ಕೂಗಾಡುತ್ತಾನೆ. ಆ ಪ್ರಶ್ನೆಯನ್ನು ಅಂದಿನ ಎಷ್ಟು ‘ಗಂಭೀರ’ ಕಾದಂಬರಿಗಳು ಅಷ್ಟು ನೇರವಾಗಿ ಕೇಳಿದ್ದವು?

ಅಲ್ಲಿಂದ ಇತ್ತಲಿನದು ನಿಮಗೆ ಗೊತ್ತು. 2012ರಲ್ಲಿ ನಾರ್ತ್‌ಸ್ಟಾರ್ ಮದುವೆ, 2015ರಲ್ಲಿ ಎಕ್ಸ್-ಮೆನ್‌ನ ಮೊದಲ ತಂಡದ ಐಸ್‌ಮನ್ ಗೇ, 2021ರಲ್ಲಿ ಸೂಪರ್‌ಮನ್ನನ ಮಗ ಜಾನ್ ಕೆಂಟ್ ದ್ವಿಲಿಂಗಿ. ಇದನ್ನು ಕಂಡು ಒಂದು ಹೊಸ ಬಗೆಯ ದೂರು ಹುಟ್ಟಿದೆ, ಅದೂ ಸುಸಂಸ್ಕೃತ ದನಿಯಲ್ಲಿ. ‘ಮೊದಲೇ ಚೆನ್ನಾಗಿತ್ತು, ಎಲ್ಲ ಸೂಚ್ಯವಾಗಿತ್ತು. ಈಗ ಎಲ್ಲವನ್ನೂ ಬಾಯಿಬಿಟ್ಟು ಹೇಳಿ ಕಲೆಯನ್ನು ಕೆಡಿಸಿದ್ದಾರೆ.’ ಧ್ವನಿಯನ್ನು ಮೆಚ್ಚುವವನು ನಾನೂ ಹೌದು. ಆದರೆ ಕವಿ ಆರಿಸಿಕೊಂಡ ಧ್ವನಿ ಬೇರೆ, ಬಾಯಿಗೆ ಬಟ್ಟೆ ತುರುಕಿದಾಗ ಹೊರಡುವ ದನಿ ಬೇರೆ. ಸೂಪರ್‌ಮನ್ ಮತ್ತು ಲೋಯಿಸ್ ಲೇನ್ ಮದುವೆಯಾದಾಗ (1996ರಲ್ಲಿ) ಸೂಚ್ಯವಾಗಿಟ್ಟಿದ್ದರೆ ಚೆನ್ನಾಗಿತ್ತು ಎಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಸೂಕ್ಷ್ಮತೆಯ ಈ ಬೇಡಿಕೆ ಯಾವಾಗಲೂ ಒಂದೇ ಕಡೆಯವರ ಮೇಲೆ ಬೀಳುತ್ತದೆ.

ಹಾಗೆಂದು ಕಂಪನಿಗಳಿಗೆ ಹಾರ ಹಾಕಬೇಕಿಲ್ಲ. 2005ರಲ್ಲಿ ಮಾರ್ಕ್ ಚೇಂಬರ್ಲೇನ್ ಎಂಬ ಕಲಾವಿದರು ಬ್ಯಾಟ್‌ಮನ್ ಮತ್ತು ರಾಬಿನ್‌ರನ್ನು ಪ್ರೇಮಿಗಳಾಗಿ ಚಿತ್ರಿಸಿದ ಜಲವರ್ಣಗಳನ್ನು ನ್ಯೂಯಾರ್ಕಿನ ಗ್ಯಾಲರಿಯೊಂದು ಪ್ರದರ್ಶಿಸಿದಾಗ ಡಿಸಿ ಕಾನೂನು ಕ್ರಮದ ಎಚ್ಚರಿಕೆ ಕಳಿಸಿತು. ಮರುವರ್ಷವೇ, ಐವತ್ತು ವರ್ಷದ ಹಿಂದೆ ಬ್ಯಾಟ್‌ಮನ್ನನ ‘ಗಂಡಸ್ತನ’ದ ಪುರಾವೆಗೆಂದು ಬಂದಿದ್ದ ಬ್ಯಾಟ್‌ವುಮನ್‌ಳನ್ನು ಅದೇ ಡಿಸಿ ಕೇಟ್ ಕೇನ್ ಎಂಬ ಲೆಸ್ಬಿಯನ್ ಆಗಿ ಮರಳಿ ತಂದಿತು. ಗ್ರೆಗ್ ರಕ್ಕಾ ಬರೆದು ಜೆ.ಎಚ್. ವಿಲಿಯಮ್ಸ್ ಚಿತ್ರಿಸಿದ ಅವಳ ಕಥೆ ನಿಜಕ್ಕೂ ಒಳ್ಳೆಯದು. ಸುಳ್ಳು ಹೇಳಲೊಪ್ಪದೆ ಸೇನಾ ಅಕಾಡೆಮಿಯಿಂದ ಹೊರಬೀಳುವ ಪುಟಗಳನ್ನು ಮರೆಯಲಾಗದು. 2013ರಲ್ಲಿ ಅವಳ ಮದುವೆ ಮಾಡಿಸಲು ಕಂಪನಿ ಬಿಡಲಿಲ್ಲವೆಂದು ವಿಲಿಯಮ್ಸ್ ಮತ್ತು ಸಹಲೇಖಕ ಬ್ಲ್ಯಾಕ್‌ಮನ್ ಸರಣಿ ಬಿಟ್ಟರು. ಸೂಪರ್‌ಹೀರೋಗಳಿಗೆ ಸುಖಸಂಸಾರ ಕೂಡದೆಂಬುದು ನಮ್ಮ ನೀತಿ, ಅವಳು ಲೆಸ್ಬಿಯನ್ ಎಂಬ ಕಾರಣಕ್ಕಲ್ಲ ಎಂದು ಕಂಪನಿ ಸಬೂಬು ಹೇಳಿತು. ಕೊಟ್ಟದ್ದನ್ನು ಕಂಪನಿ ಯಾವಾಗ ಬೇಕಾದರೂ ವಾಪಸು ಪಡೆದೀತು. ಹುಡುಗರು ತಾವೇ ಓದಿ ಕಟ್ಟಿಕೊಂಡ ಬ್ಯಾಟ್‌ಮನ್ ಮನೆಯನ್ನು ಸೆನೆಟ್ಟಿಗೂ ವಾಪಸು ಪಡೆಯಲಾಗಲಿಲ್ಲ.

ಅಂದಹಾಗೆ 2021ರ ಆಗಸ್ಟ್‌ನಲ್ಲಿ, ‘ಬ್ಯಾಟ್‌ಮನ್: ಅರ್ಬನ್ ಲೆಜೆಂಡ್ಸ್’ ಸರಣಿಯಲ್ಲಿ, ಮೂರನೆಯ ರಾಬಿನ್ ಆದ ಟಿಮ್ ಡ್ರೇಕ್‌ನನ್ನು ಬರ್ನಾರ್ಡ್ ಎಂಬ ಹುಡುಗ ಡೇಟಿಂಗಿಗೆ ಕರೆಯುತ್ತಾನೆ, ಟಿಮ್ ಒಪ್ಪುತ್ತಾನೆ. ವರ್ಥಮ್ ಪುಸ್ತಕ ಬಂದು 67 ವರ್ಷ ಆಗಿತ್ತು. ಆಗಲೂ ‘ರಾಬಿನ್ ಹಾಗಲ್ಲ’ ಎನ್ನುವವರು ಸಾಕಷ್ಟಿದ್ದರು.

ಇಷ್ಟೆಲ್ಲ ಅಮೆರಿಕದ ವಿಚಾರ ಕನ್ನಡದಲ್ಲಿ ಯಾಕೆ ಎಂದರೆ, ‘ಹಾಗಲ್ಲ’ ಎನ್ನುವ ಚಟ ಅಮೆರಿಕದ್ದಷ್ಟೇ ಅಲ್ಲ. ಶರಣಸತಿ-ಲಿಂಗಪತಿ ಭಾವದಲ್ಲಿ ಗಂಡಸರೇ ಹೆಂಡತಿಯಾಗಿ ಹಾಡಿಕೊಂಡ ವಚನಗಳನ್ನು ನಾವು ತಲೆಮಾರುಗಳಿಂದ ಪಾಠ ಮಾಡುತ್ತಿದ್ದೇವೆ. ಅದು ‘ಕೇವಲ’ ರೂಪಕ ಎಂಬ ಒಂದು ಸಾಲು ಆ ಪಾಠಕ್ಕೆ ತಪ್ಪದೆ ಅಂಟಿಕೊಂಡಿರುತ್ತದೆ. ಆ ‘ಕೇವಲ’ ಯಾರನ್ನು ಸಮಾಧಾನಪಡಿಸಲು? ವಚನಕಾರರು ಸಲಿಂಗಿಗಳಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಹನ್ನೆರಡನೇ ಶತಮಾನಕ್ಕೆ ಈ ಪದ ಹೊಂದುವುದೂ ಇಲ್ಲ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತ ಒಬ್ಬ ಹುಡುಗ ಆ ವಚನದಲ್ಲಿ ತನಗೊಂದು ಜಾಗ ಕಂಡುಕೊಂಡರೆ ಅದನ್ನು ಮುಚ್ಚಲು ಮೇಷ್ಟ್ರಿಗೆ ಇಷ್ಟು ಅವಸರ ಯಾಕೆ ಎಂದಷ್ಟೇ ಕೇಳುತ್ತಿದ್ದೇನೆ. ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ. ಅದಕ್ಕೂ ಮೊದಲು ಕನ್ನಡದಲ್ಲಿ ಓದುತ್ತ ಬೆಳೆದ ಸಲಿಂಗಿಗಳೆಲ್ಲ ಏನನ್ನು, ಹೇಗೆ ಓದಿಕೊಂಡು ಬದುಕಿದರು ಎಂಬುದರ ಬಗ್ಗೆ ನಮ್ಮಲ್ಲಿ ವರ್ಥಮ್‌ರ ತಿರುಚಿದ ದಾಖಲೆಯಷ್ಟೂ ಇಲ್ಲ.

ಈ ವಿಷಯದ ಒಂದು ಭಾಗವನ್ನು ಸೆಮಿನಾರೊಂದರಲ್ಲಿ ಮಂಡಿಸಿದಾಗ ಹಿರಿಯರೊಬ್ಬರು ಎದ್ದು, ‘ಹಾಗಾದ್ರೆ ಟಾರ್ಜನ್ನೂ ಗೇ ಅಂತೀರೇನ್ರೀ?’ ಎಂದು ಕೇಳಿದರು. ಸಭೆ ನಕ್ಕಿತು. ಟಾರ್ಜನ್ ವಿಷಯ ನನಗೆ ಗೊತ್ತಿಲ್ಲ ಸರ್, ನಾನು ಮಾತಾಡ್ತಿರೋದು ಆ ಇಬ್ಬರು ಹುಡುಗರ ಬಗ್ಗೆ ಎಂದೆ. ಅವರು ಮತ್ತೆ ಟಾರ್ಜನ್ ಬಗ್ಗೆಯೇ ಕೇಳಿದರು.